ನೀರು ಇಳಿದರೂ ಇಳಿಯದ ಅಂಜಿಕೆ

ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದ ಮಗಳು, ಗಿಡದ ಟೊಂಗೆಗೆ ಕಟ್ಟಿದ ಜೋಕಾಲಿ, ಡಬ್ಬಿ ತುಂಬ ಶೇಂಗಾದ ಉಂಡಿ, ಎಳ್ಳಿನ ಉಂಡಿ. ಆದರೆ ಕೃಷ್ಣಾ ದಂಡೆಯ ಊರುಗಳಲ್ಲಿ ಕೆಲವು ಮನೆಗಳಿವೆ. ಅಲ್ಲಿ ಪಂಚಮಿ ಹತ್ತಿರ ಬಂತೆಂದರೆ ಮನೆಯೊಡತಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ರಾತ್ರಿ ಎದ್ದೆದ್ದು ಹೋಗಿ ಹಿತ್ತಲ ಬಾಗಿಲು ತೆಗೆದು ನೋಡುತ್ತಾಳೆ. "ಏನ ನೋಡಾಕತ್ತೀಯ?" ಎಂದು ಕೇಳಿದರೆ "ಏನಿಲ್ಲ, ಸುಮ್ನ" ಎನ್ನುತ್ತಾಳೆ. ಅವಳು ನೋಡುವುದು ನೀರು ಬಂತೇನೋ ಎಂದು.

2019ರ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಅದರ ಹಿಂದುಮುಂದಿನ ದಿನಗಳಲ್ಲೇ ಕೃಷ್ಣೆ, ದೂಧಗಂಗೆ, ವೇದಗಂಗೆ ಎಲ್ಲ ಒಮ್ಮೆಲೇ ಉಕ್ಕಿ ಬಂದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳ ಹೊಳೆ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಯಡೂರು, ಕಲ್ಲೋಳ, ಕಾರದಗಾ, ಜುಗೂಳ, ಮಂಗಾವತಿ, ಕುಡಚಿ, ನದಿ ಇಂಗಳಗಾಂವ, ಇಂಥ ಊರುಗಳ ಹೆಂಗಸರು ಹಬ್ಬದ ಸೀರೆಯಲ್ಲೇ ಮಕ್ಕಳನ್ನು ಬಗಲಿಗೆ ಎತ್ತಿಕೊಂಡು ಮನೆ ಬಿಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ, 2021ರ ಜುಲೈನಲ್ಲಿ, ಮತ್ತೆ ಅದೇ ಗತಿ. ಹಿರಿಯರಾದರೆ 2005ರ ನೆರೆಯನ್ನೂ ಬೆರಳು ಮಡಿಚಿ ಎಣಿಸುತ್ತಾರೆ.

ನೀರು ಇಳಿಯಿತು. ಸರಕಾರದವರು ಬಂದರು, ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿ ಬರೆದುಕೊಂಡರು. ದನ ಎಷ್ಟು ಹೋದವು, ಕಬ್ಬು ಎಷ್ಟು ಎಕರೆ ಕೊಳೆಯಿತು ಎಂದೂ ಕೇಳಿದರು. ಕೇಳಲೇಬೇಕಾದ ಮಾತುಗಳೇ ಅವು, ತಪ್ಪಲ್ಲ. ಆದರೆ ಆ ಮನೆಯೊಳಗೆ ಇದ್ದಾಕೆಯ ಮನಸ್ಸಿಗೆ ಏನಾಯಿತು ಎಂಬುದಕ್ಕೆ ಯಾವ ದರ್ಜೆಯೂ ಇರಲಿಲ್ಲ. ಅದರ ವಿಷಯವನ್ನೇ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಬಿಸಿಲಿನಲ್ಲಿ ಬರುವ ನೆರೆ

ನಮ್ಮ ನೆರೆಗೆ ಒಂದು ವಿಚಿತ್ರ ಗುಣವಿದೆ. ಅದು ನಮ್ಮೂರ ಮಳೆಯಿಂದ ಬರುವುದಲ್ಲ. ಮಳೆ ಸುರಿಯುವುದು ದೂರದ ಸಹ್ಯಾದ್ರಿಯಲ್ಲಿ. ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ ಕಡೆ. ಅಲ್ಲಿಯ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಅದು ಇಳಿದು ಬರುವುದು ನಮ್ಮ ಅಂಗಳಕ್ಕೆ. ಅಥಣಿಯ ಮೇಲುಭಾಗದ ಹೊಲಗಳಲ್ಲಿ ಹನಿ ಬೀಳದೆ ಪೈರು ಬಾಡುತ್ತಿರುವಾಗಲೇ ಕೆಳಗೆ ಹೊಳೆ ಏರುತ್ತಿರುತ್ತದೆ. ಹೀಗಾಗಿ ನಮ್ಮ ಹೆಂಗಸರು ಅಂಜುವುದು ಗುಡುಗು ಸಿಡಿಲಿಗಲ್ಲ. ಟೀವಿಯಲ್ಲಿ "ಕೊಯ್ನಾದಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡುಗಡೆ" ಎಂಬ ಮಾತು ಕೇಳಿದೊಡನೆ ಒಬ್ಬಾಕೆಯ ಕೈಯೊಳಗಿನ ಲಟ್ಟಣಿಗೆ ನಿಂತುಬಿಡುತ್ತದೆ. ಊರಲ್ಲಿ ಧ್ವನಿವರ್ಧಕದ ಕರಕರ ಶಬ್ದ ಕೇಳಿದರೆ ಇನ್ನೊಬ್ಬಾಕೆಗೆ ಎದೆ ಧಸಕ್ಕೆನ್ನುತ್ತದೆ. ಅದು ಮದುವೆಯ ಮನೆಯ ಮೈಕೇ ಆಗಿರಬಹುದು! ಕೆಸರಿನ ವಾಸನೆ, ತೊಯ್ದ ಜೋಳದ ಚೀಲದ ಮುಗ್ಗಲು ವಾಸನೆ, ಕತ್ತಲಲ್ಲಿ ಆಕಳು ಕೂಗುವ ದನಿ, ಯಾವುದು ಯಾರನ್ನು ಹಿಡಿಯುತ್ತದೋ ಹೇಳಲಾಗದು.

ಇಂಥಾಕೆ ನಿಮ್ಮ ಓಣಿಯಲ್ಲೇ ಇರಬಹುದು, ನಿಮ್ಮ ಮನೆಯಲ್ಲೇ ಇರಬಹುದು. ಅದು ನೀವೇ ಆಗಿದ್ದರೆ ಸಂಕೋಚಪಡದೆ ಮುಂದೆ ಓದಿ.

ಮನೆಯವರು ಏನೆನ್ನುತ್ತಾರೆ? "ಗಾಳಿ ಸೋಕೇತಿ" ಎಂದು ಒಬ್ಬರು. "ಅಕಿ ಮೊದಲಿಂದ್ಲೂ ಹಂಗs, ಪುಕ್ಕಲಿ" ಎಂದು ಇನ್ನೊಬ್ಬರು. "ಎಲ್ಲಾರ ಮನೀನೂ ಹೋದುವು, ಇಕಿದೊಂದ ದೊಡ್ಡದೇನು?" ಎಂಬ ಮಾತು ಬರುವುದು ಹೆಚ್ಚಾಗಿ ಹೆಂಗಸರ ಬಾಯಿಂದಲೇ ಎಂದು ಹೇಳಲು ನನಗೆ ಬೇಸರವೆನಿಸುತ್ತದೆ, ಆದರೆ ಹೇಳದೆ ಇರಲಾರೆ.

ವೈದ್ಯರು ಇದಕ್ಕೆ ಬೇರೆ ಹೆಸರು ಕೊಡುತ್ತಾರೆ. ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಚಿಕ್ಕದಾಗಿ ಪಿಟಿಎಸ್‌ಡಿ. ಕನ್ನಡದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನಬಹುದು. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದ ಸಿಪಾಯಿಗಳು ನಡುಗುತ್ತ, ಮಾತು ಕಳೆದುಕೊಂಡು ಬಂದಾಗ ಅದನ್ನು "ಶೆಲ್ ಶಾಕ್" ಎಂದು ಕರೆದರು. ಹೇಡಿಗಳೆಂದು ಬೈಸಿಕೊಂಡವರೂ ಉಂಟು. ಪಿಟಿಎಸ್‌ಡಿ ಎಂಬ ಈಗಿನ ಹೆಸರು ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಸೇರಿದ್ದು 1980ರಲ್ಲಿ. ಸಿಪಾಯಿಗಳಿಗೆ ಮಾತ್ರವಲ್ಲ, ಜೀವಕ್ಕೆ ಎರವಾಗುವಂಥದನ್ನು ಕಂಡ ಯಾರಿಗಾದರೂ ಇದು ಬರಬಹುದೆಂದು ಆಮೇಲೆ ಎಲ್ಲರೂ ಒಪ್ಪಿದರು.

ಗುರುತಿಸುವುದು ಹೇಗೆ?

ನೆರೆ ಬಂದುಹೋದ ವಾರದಲ್ಲಿ ನಿದ್ದೆಗೆಡದವರು ಯಾರು? ಅಳದವರು ಯಾರು? ಅದು ಕಾಯಿಲೆಯಲ್ಲ, ಮನುಷ್ಯರ ಸ್ವಭಾವ. ಬಹುಪಾಲು ಜನರಿಗೆ ದಿನ ಕಳೆದಂತೆ ಅದು ತಾನಾಗಿ ಸಡಿಲವಾಗುತ್ತದೆ. ಒಂದು ತಿಂಗಳು ದಾಟಿದರೂ ಸಡಿಲವಾಗದೆ, ಮನೆಗೆಲಸ, ಮಕ್ಕಳು, ಗಂಡ, ನೆಂಟರು ಎಲ್ಲದಕ್ಕೂ ಅಡ್ಡ ಬಂದಾಗ ಇದು ಕಾಯಿಲೆಯೇ ಇರಬೇಕೆಂದು ತಿಳಿಯಬೇಕು. ಕೆಲವರಲ್ಲಿ ಮೊದಲು ಏನೂ ಕಾಣುವುದಿಲ್ಲ. ಮನೆ ಕಟ್ಟಿಸುವ ಗಡಿಬಿಡಿ, ಪರಿಹಾರದ ಕಾಗದಪತ್ರ ಎಲ್ಲ ಮುಗಿದು, ಆರು ತಿಂಗಳಾದ ಮೇಲೆ ತಲೆ ಎತ್ತುತ್ತದೆ. "ಅವಾಗ ಗಟ್ಟಿ ಇದ್ಲು, ಈಗ್ಯಾಕ?" ಎಂದು ಮನೆಯವರಿಗೆ ಬಗೆಹರಿಯುವುದಿಲ್ಲ.

ಮೊದಲನೆಯ ಗುರುತು, ಆದದ್ದು ಮತ್ತೆ ಮತ್ತೆ ಆಗುವುದು. ಬರೀ ನೆನಪಲ್ಲ. ನೆನಪಾದರೆ "ಹೋದ ವರ್ಷ ಹೀಗಾಗಿತ್ತು" ಎಂದಿರುತ್ತದೆ. ಇದು ಈಗ, ಈ ಗಳಿಗೆಯಲ್ಲಿ ಆಗುತ್ತಿದೆ ಎನಿಸುತ್ತದೆ. ರೊಟ್ಟಿ ಬಡಿಯುತ್ತ ಕುಳಿತವಳ ಕಾಲಿಗೆ ತಣ್ಣಗೆ ನೀರು ತಾಗಿದಂತಾಗುತ್ತದೆ. ಬೆಚ್ಚಿ ಎದ್ದರೆ ನೆಲ ಒಣಗೇ ಇದೆ. ರಾತ್ರಿ ಅದೇ ಕನಸು, ಕೈಯಿಂದ ಮಗು ಜಾರಿದ ಹಾಗೆ.

ಎರಡನೆಯದು ದೂರ ಸರಿಯುವುದು. ಇದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಳೆ ದಾಟಿ ತವರಿಗೆ ಹೋಗುವ ಬಸ್ಸು ಬಿಟ್ಟು, ಇಪ್ಪತ್ತು ಮೈಲು ಸುತ್ತಿ ಹೋಗುವ ಬಸ್ಸು ಹಿಡಿಯುತ್ತಾಳೆ. ಆಮೇಲೆ ತವರಿಗೇ ಹೋಗುವುದಿಲ್ಲ. ಮೊಣಕಾಲು ನೋವು ಎಂದು ನೆಪ ಹೇಳುತ್ತಾಳೆ. ವಾರ್ತೆ ಹಚ್ಚಿದರೆ ಎದ್ದು ಒಳಗೆ ಹೋಗುತ್ತಾಳೆ. ನೆರೆಯ ಮಾತು ಬಂದರೆ ಚಹಾ ಮಾಡಲು ಏಳುತ್ತಾಳೆ. ಮನೆಯವರಿಗೆ ಇದು ಕೆಲಸದ ಹೆಂಗಸಿನ ಲಕ್ಷಣವಾಗಿ ಕಾಣುತ್ತದೆ. ಆದರೆ ಒಂದೊಂದು ಸಲ ತಪ್ಪಿಸಿಕೊಂಡಾಗಲೂ ಮನಸ್ಸು ಕಲಿಯುವ ಪಾಠ ಒಂದೇ: "ತಪ್ಪಿಸಿಕೊಂಡದ್ದಕ್ಕೇ ಉಳಿದೆ." ಅಂಜಿಕೆ ಬೆಳೆಯುವುದು ಇದರಿಂದಲೇ. ಅವಳ ಲೋಕ ಹೊಳೆಯಿಂದ ಓಣಿಗೆ, ಓಣಿಯಿಂದ ಅಂಗಳಕ್ಕೆ, ಅಂಗಳದಿಂದ ಒಳಮನೆಗೆ ಕಿರಿದಾಗುತ್ತ ಬರುತ್ತದೆ.

ಇನ್ನು ಕೆಲವರಿಗೆ ಮನಸ್ಸು ಮರಗಟ್ಟಿದಂತಾಗುತ್ತದೆ. ಮಗ ಪಾಸಾದರೂ ಹಿಗ್ಗಿಲ್ಲ, ಹಬ್ಬ ಬಂದರೂ ಉಮೇದಿಲ್ಲ. "ಅತ್ತೀನ ಮೊದಲು ಕರಕೊಂಡು ಹೋಗಬೇಕಿತ್ತು, ಎಮ್ಮಿ ಹಗ್ಗ ಬಿಚ್ಚಬೇಕಿತ್ತು, ನನ್ನದs ತಪ್ಪು" ಎಂಬ ಕೊರಗು ಬೇರೆ. ಹಾಗೆಯೇ ಮೈಯೆಲ್ಲ ಸದಾ ಕಾವಲು ನಿಂತಂತೆ ಇರುತ್ತದೆ. ಪಾತ್ರೆ ಬಿದ್ದರೆ ಚೀರುತ್ತಾಳೆ, ಸಣ್ಣ ಮಾತಿಗೆ ಸಿಡುಕುತ್ತಾಳೆ, ಎದೆ ಹೊಡೆದುಕೊಳ್ಳುತ್ತದೆ, ಬೆನ್ನು ಹಿಡಿಯುತ್ತದೆ, ಹೊಟ್ಟೆ ಕೆಡುತ್ತದೆ. ನಮ್ಮ ಹೆಂಗಸರು ಡಾಕ್ಟರ ಹತ್ತಿರ ಹೋಗುವುದು ಈ ಮೈನೋವನ್ನೇ ಹೇಳಿಕೊಂಡು. ಸಲಾಯಿನ್ ಹಚ್ಚಿಸಿಕೊಂಡು, ಶಕ್ತಿಯ ಗುಳಿಗೆ ತೆಗೆದುಕೊಂಡು ಮರಳುತ್ತಾರೆ. ಮನಸ್ಸಿನ ಮಾತು ಎತ್ತುವುದಿಲ್ಲ. ಹೊರಗೆ ಸರದಿಯಲ್ಲಿ ಐವತ್ತು ಜನ ಇರುವಾಗ ಡಾಕ್ಟರೂ ಕೇಳುವುದಿಲ್ಲ.

ಹೊಳೆಯೊಂದೇ ಕಾರಣವಲ್ಲ

ನಮ್ಮ ಕಡೆಯ ಉದಾಹರಣೆ ಎಂದು ನೆರೆಯನ್ನು ಹಿಡಿದುಕೊಂಡೆ. ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿದ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಕುಳಿತಿದ್ದಾಕೆಗೂ ಹೀಗಾಗಬಹುದು. 2021ರ ಕೊರೋನಾ ಬೇಸಿಗೆಯಲ್ಲಿ ಆಕ್ಸಿಜನ್ನಿಗಾಗಿ ಮೀರಜ, ಬೆಳಗಾವಿ ಎಂದು ಅಲೆದು ಗಂಡನನ್ನು ಕಳಕೊಂಡಾಕೆಗೂ ಆಗಬಹುದು. ಹೆರಿಗೆಯಲ್ಲಿ ಸಾವಿನ ಬಾಗಿಲು ಕಂಡು ಬಂದವಳಿಗೆ, ಸ್ಟೋವು ಸಿಡಿದದ್ದನ್ನು ಕಣ್ಣಾರೆ ನೋಡಿದವಳಿಗೆ, ಗಡಿಯಿಂದ ಮರಳಿದ ಸಿಪಾಯಿಗೆ (ನಮ್ಮ ಜಿಲ್ಲೆಯಲ್ಲಿ ಸಿಪಾಯಿಗಳ ಮನೆಗಳಿಗೇನು ಬರವಿಲ್ಲ) ಆಗಬಹುದು. ಮೈಮೇಲೆ ಬಲಾತ್ಕಾರವಾದ ಹೆಣ್ಣಿಗಂತೂ ಇದು ಬರುವ ಸಂಭವ ನೆರೆಹಾವಳಿಗಿಂತ ಎಷ್ಟೋ ಹೆಚ್ಚು. ಕುಡಿದು ಬಂದು ದಿನಾ ಹೊಡೆಯುವವನ ಮನೆಯಲ್ಲಿ ಬಾಗಿಲ ಚಿಲಕದ ಸಪ್ಪಳಕ್ಕೇ ಮೈ ನಡುಗುವವಳದೂ ಇದೇ ಸಂಕಟ. ಅಲ್ಲಿ ಒಂದು ವ್ಯತ್ಯಾಸವಿದೆ. ಅವಳ ನೆರೆ ಇನ್ನೂ ಇಳಿದಿಲ್ಲ. ಮೊದಲು ಆಕೆ ಸುರಕ್ಷಿತಳಾಗಬೇಕು, ಆಮೇಲೆ ಚಿಕಿತ್ಸೆ. ಅಂಥವರಿಗೆ 181 ಎಂಬ ಮಹಿಳಾ ಸಹಾಯವಾಣಿ ಇದೆ. ಜೀವಕ್ಕೆ ಅಪಾಯವೆನಿಸಿದ ಗಳಿಗೆಯಲ್ಲಿ 112.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಲೋಕದಲ್ಲಿ ನೂರಕ್ಕೆ ಸುಮಾರು 70 ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು ನೂರಕ್ಕೆ ಐದಾರು ಜನರಿಗೆ ಮಾತ್ರ. ಉಳಿದವರು ಗಟ್ಟಿಯವರು, ಇವರು ಮೆತ್ತಗಿನವರು ಎಂದು ಇದರ ಅರ್ಥವಲ್ಲ. ಎಷ್ಟು ಹತ್ತಿರದಿಂದ ಸಾವು ಕಂಡರು, ಹಿಂದೆ ಇಂಥದ್ದು ಆಗಿತ್ತೇ, ಆದ ಮೇಲೆ ಕೈಹಿಡಿಯುವವರು ಯಾರಿದ್ದರು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಹೆಂಗಸರಿಗೆ ಇದು ಗಂಡಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಕಾಳಜಿ ಕೇಂದ್ರದಲ್ಲಿ ನೂರಾರು ಜನರ ನಡುವೆ ಬಟ್ಟೆ ಬದಲಿಸಲು ಮರೆಯಿಲ್ಲದೆ, ತಿಂಗಳ ಮುಟ್ಟಿಗೆ ಬಟ್ಟೆಯಿಲ್ಲದೆ, ಬೆಳೆದ ಮಗಳನ್ನು ರಾತ್ರಿಯೆಲ್ಲ ಕಾಯುತ್ತ ಕುಳಿತವಳನ್ನು ಕೇಳಿದರೆ, ಆ ಎರಡು ಪಟ್ಟಿನಲ್ಲಿ ಒಂದು ಪಾಲಿನ ಕಾರಣ ಗೊತ್ತಾದೀತು.

ಒಳಗೆ ಆಗುವುದಾದರೂ ಏನು? ನಮ್ಮ ಮಿದುಳಿನಲ್ಲಿ ಬಾದಾಮಿಯಷ್ಟೇ ದೊಡ್ಡದಾದ ಒಂದು ಭಾಗವಿದೆ, ಅಮಿಗ್ಡಲ ಎಂದು ಅದರ ಹೆಸರು. ಅಪಾಯ ಕಂಡೊಡನೆ ಗಂಟೆ ಬಾರಿಸುವುದು ಅದರ ಕೆಲಸ. ಯೋಚನೆ ಬರುವ ಮೊದಲೇ ಕಾಲು ಓಡುವುದು ಅದರ ಪುಣ್ಯದಿಂದ. ನೆನಪಿಗೆ ದಿನ, ಹೊತ್ತು, ಜಾಗ ಬರೆದು ಓರಣವಾಗಿ ಇಡುವ ಕೆಲಸ ಇನ್ನೊಂದು ಭಾಗದ್ದು. ಸಾವು ಎದುರಿಗೆ ಬಂದಾಗ ಗಂಟೆ ಎಷ್ಟು ಜೋರಾಗಿ ಬಾರಿಸುತ್ತದೆಂದರೆ, ಓರಣ ಮಾಡುವ ಕೆಲಸ ಅಲ್ಲಿಗೇ ಕೆಡುತ್ತದೆ. ತಾರೀಖಿಲ್ಲದ ಆ ನೆನಪು ಹಾಗೇ ಬಿದ್ದಿರುತ್ತದೆ. ಒಂದು ವಾಸನೆ, ಒಂದು ಶಬ್ದ ಸಾಕು, ಗಂಟೆ ಮತ್ತೆ ಬಾರಿಸುತ್ತದೆ. ಬುದ್ಧಿಗೆ ಗೊತ್ತು, ನೀರು ಇಲ್ಲ ಎಂದು. ಮೈಗೆ ಗೊತ್ತಿಲ್ಲ. ಆದ್ದರಿಂದಲೇ "ಧೈರ್ಯ ತಗೋ" ಎಂದು ನೂರು ಸಲ ಹೇಳಿದರೂ ಪ್ರಯೋಜನವಾಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೂನ್ ತಿಂಗಳಲ್ಲಿ ಆಧಾರ್, ರೇಶನ್ ಕಾರ್ಡು, ಪಾಸ್‌ಬುಕ್ಕು, ಹೊಲದ ಉತಾರ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡುವುದು ಕಾಯಿಲೆಯಲ್ಲ, ಜಾಣತನ. ಜನವರಿಯ ಥಂಡಿಯಲ್ಲಿ, ಹೊಳೆ ಬತ್ತಿ ಮರಳು ಕಾಣುವಾಗ, ದಿನಾ ರಾತ್ರಿ ಮೂರು ಸಲ ಎದ್ದು ಆ ಚೀಲ ಮುಟ್ಟಿ ನೋಡುವುದು ಬೇರೆ.

ಮೊದಲ ದಿನಗಳಲ್ಲಿ

ಅನಾಹುತವಾದ ಹೊಸದರಲ್ಲಿ ನೀವು ಹತ್ತಿರದಲ್ಲಿದ್ದರೆ, ದೊಡ್ಡ ಮಾತು ಬೇಕಾಗಿಲ್ಲ. ಒಣಬಟ್ಟೆ, ಬಿಸಿ ಚಹಾ, ಕುಳಿತುಕೊಳ್ಳಲು ಜಾಗ, ಮಕ್ಕಳು ಎಲ್ಲಿದ್ದಾರೆಂಬ ಖಾತರಿ. ಆಕೆ ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಕೆದಕಬೇಡಿ. ಸುತ್ತ ಕುಳಿತು "ಹೆಂಗಾತು? ಎಷ್ಟು ನೀರು ಬಂತು? ನಿಮ್ಮತ್ತಿ ಹೆಂಗ ಹೋದ್ಲು?" ಎಂದು ಬಂದವರೆಲ್ಲ ಹೇಳಿಸುವುದು ನಮ್ಮಲ್ಲಿ ರೂಢಿ. ಎಲ್ಲವನ್ನೂ ಆಗಲೇ ಒತ್ತಾಯ ಮಾಡಿ ಹೊರಹಾಕಿಸುವುದರಿಂದ ಕಾಯಿಲೆ ತಪ್ಪುವುದಿಲ್ಲ ಎಂದು ವೈದ್ಯಲೋಕ ಕಂಡುಕೊಂಡಿದೆ. ಕೆಲವರಿಗೆ ಅದರಿಂದ ಕೆಡಕೇ ಆಗಬಹುದು. ಮೊಬೈಲಿನಲ್ಲಿ ಅದೇ ವೀಡಿಯೋ ಹತ್ತು ಸಲ ತೋರಿಸುವವರನ್ನಂತೂ ದೂರವಿಡಿ.

ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ, ಸೆರಗು ಬಿಡುವುದಿಲ್ಲ, ಶಾಲೆ ಬೇಡವೆನ್ನುತ್ತಾರೆ. ಆಟದಲ್ಲಿ ದಿನಾ ದೋಣಿ ಮುಳುಗಿಸುತ್ತಾರೆ. ಬೈಯಬೇಡಿ. ಶಾಲೆಯೇ ಕಾಳಜಿ ಕೇಂದ್ರವಾಗಿದ್ದ ಊರಲ್ಲಿ ಮಗು ಶಾಲೆಗೆ ಅಂಜಿದರೆ ಅದರಲ್ಲಿ ಸೋಜಿಗವೇನಿದೆ? ಬೇಗ ಶಾಲೆ ತೆರೆದು, ಊಟ-ನಿದ್ದೆಯ ಹೊತ್ತು ಮೊದಲಿನಂತಾದರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ತಿಂಗಳಾದರೂ ಹಾಗೇ ಇದ್ದರೆ ದೊಡ್ಡವರಂತೆ ಅವರಿಗೂ ಚಿಕಿತ್ಸೆ ಉಂಟು.

ಅಂಜಿಕೆ ಒಮ್ಮೆಲೇ ಮೈಮೇಲೆ ಬಂದಾಗ ಅಡಿಗೆಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಎರಡೂ ಪಾದ ನೆಲಕ್ಕೆ ಊರಿ ನಿಲ್ಲಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಬಿಡಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ: ಹಂಚು, ಕೊಡ, ಕ್ಯಾಲೆಂಡರ್, ಹೀಗೆ. ತಣ್ಣನೆಯ ಒಳಕಲ್ಲನ್ನು ಮುಟ್ಟಿ. ಬೆಳ್ಳುಳ್ಳಿಯನ್ನೋ ಕೊತ್ತಂಬರಿಯನ್ನೋ ಮೂಸಿ. ಇವತ್ತಿನ ವಾರ, ತಾರೀಖು ಗಟ್ಟಿಯಾಗಿ ಹೇಳಿ. ಇದು ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಆ ಗಳಿಗೆ ದಾಟಿಸುತ್ತದೆ, ಅಷ್ಟೇ.

ಮದ್ದು ಇದೆಯೇ?

ಇದೆ. ಒಳ್ಳೆಯ ಮದ್ದೇ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಅದೇ ಕಷ್ಟ.

ಇದಕ್ಕೆ ಮೊದಲ ಮದ್ದು ಗುಳಿಗೆಯಲ್ಲ, ಮಾತು. ಆದರೆ ಎಲ್ಲರೊಡನೆ ಆಡುವ ಮಾತಲ್ಲ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ, ಥೆರಪಿ. ನೆರೆಯಲ್ಲಿ ತೊಯ್ದ ಟ್ರಂಕನ್ನು ನೆನಪಿಸಿಕೊಳ್ಳಿ. ನೋಡಲಾಗದು ಎಂದು ಮುಚ್ಚಳ ಹಾಕಿ ಮೂಲೆಗೆ ತಳ್ಳಿದರೆ ಒಳಗಿನ ಸೀರೆಗಳೆಲ್ಲ ಕೊಳೆಯುತ್ತವೆ, ನಾತ ಮನೆ ತುಂಬುತ್ತದೆ. ಒಂದೊಂದೇ ತೆಗೆದು, ಹಿಂಡಿ, ಬಿಸಿಲಿಗೆ ಹಾಕಿದರೆ ಕಲೆ ಉಳಿದೀತು, ಆದರೆ ಮಡಿಚಿ ಇಡಬಹುದು. ಥೆರಪಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ನುರಿತ ಮನಶ್ಶಾಸ್ತ್ರಜ್ಞರ ಎದುರು, ನಿಮಗೆ ತಡೆಯುವಷ್ಟೇ ವೇಗದಲ್ಲಿ, ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೀರಿ. ಮುಂದಿನ ವಾರ ಮತ್ತೆ ಹೇಳುತ್ತೀರಿ. ಹೇಳಿದಂತೆ ಹೇಳಿದಂತೆ ಅದಕ್ಕೆ ಒಂದು ಆರಂಭ, ಒಂದು ಕೊನೆ, ಒಂದು ತಾರೀಖು ಕೂಡಿಬರುತ್ತದೆ. "ನನ್ನದs ತಪ್ಪು" ಎಂಬ ಕೊರಗನ್ನು ಹೊರಗಿಟ್ಟು ಪರೀಕ್ಷಿಸುತ್ತಾರೆ. ಆ ಕತ್ತಲಲ್ಲಿ, ಸೊಂಟದಷ್ಟು ನೀರಿನಲ್ಲಿ, ಮಗು ಬಗಲಲ್ಲಿದ್ದಾಗ ಎಮ್ಮೆಯ ಹಗ್ಗ ಬಿಚ್ಚಲು ನಿಜವಾಗಿ ಆಗುತ್ತಿತ್ತೇ? ಬೇರೆಯವಳಿಗೆ ಹೀಗಾಗಿದ್ದರೆ ನೀವು ಅವಳನ್ನು ತಪ್ಪಿತಸ್ಥೆ ಎನ್ನುತ್ತಿದ್ದಿರೇ?

ಜೊತೆಗೆ ಮೆಟ್ಟಿಲು ಮೆಟ್ಟಿಲಾಗಿ ಅಂಜಿಕೆಯ ಎದುರು ಹೋಗುವ ಅಭ್ಯಾಸ. ಮೊದಲು ಪತ್ರಿಕೆಯಲ್ಲಿಯ ಹೊಳೆಯ ಚಿತ್ರವನ್ನು ಅಂಜಿಕೆ ಇಳಿಯುವವರೆಗೆ ನೋಡುವುದು. ಅದು ರೂಢಿಯಾದ ಮೇಲೆ ವಾರ್ತೆಯ ಹೊತ್ತಿಗೆ ಎದ್ದುಹೋಗದೆ ಕುಳಿತುಕೊಳ್ಳುವುದು. ಬೇಸಿಗೆಯಲ್ಲಿ ನೀರು ಕಡಿಮೆಯಿದ್ದಾಗ ಒಬ್ಬರನ್ನು ಜೊತೆಗೆ ಕರೆದುಕೊಂಡು ಸೇತುವೆಯವರೆಗೆ ಹೋಗಿ ನಿಲ್ಲುವುದು. ಆಮೇಲೆ ಆ ಬಿಟ್ಟ ಬಸ್ಸು ಹತ್ತುವುದು. ಮುಖ್ಯವಾದದ್ದು ಓಡಿಬರದೆ ನಿಲ್ಲುವುದು. ನಿಂತರೆ ಅಂಜಿಕೆ ಏರಿ, ತಾನಾಗಿಯೇ ಇಳಿಯುತ್ತದೆ. ಹಾಗೆ ಇಳಿಯುವುದನ್ನು ಮೈ ಒಮ್ಮೆ ಕಂಡುಕೊಳ್ಳಬೇಕು. ಇದನ್ನು ಗಂಡನೋ ಮೈದುನನೋ ಒಂದು ದಿನ ಹಟಮಾಡಿ ಎಳೆದುಕೊಂಡು ಹೋಗಿ ಹೊಳೆ ತೋರಿಸುವುದಕ್ಕೆ ಹೋಲಿಸಬೇಡಿ. ಹಾಗೆ ಮಾಡಿದರೆ ಇದ್ದದ್ದೂ ಕೆಡುತ್ತದೆ.

ಇಎಂಡಿಆರ್ ಎಂಬ ಇನ್ನೊಂದು ಬಗೆಯಿದೆ. ಅಮೆರಿಕದ ಫ್ರಾನ್ಸಿನ್ ಶಪಿರೋ ಎಂಬಾಕೆ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು. ನೆನಪನ್ನು ಮನಸ್ಸಿನಲ್ಲಿ ಹಿಡಿದು, ಚಿಕಿತ್ಸಕರ ಬೆರಳು ಎಡಕ್ಕೂ ಬಲಕ್ಕೂ ಹೋಗುವುದನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಕೇಳಿದರೆ ಮಂತ್ರ ಹಾಕಿದ ಹಾಗೆ ಅನಿಸುತ್ತದೆ, ನನಗೂ ಹಾಗೇ ಅನಿಸಿತ್ತು. ಆದರೆ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಪಿಟಿಎಸ್‌ಡಿಗೆ ಸೂಚಿಸುವ ಚಿಕಿತ್ಸೆಗಳ ಪಟ್ಟಿಯಲ್ಲಿ ಸೇರಿಸಿದೆ. ಎಲ್ಲವನ್ನೂ ಬಾಯಿಬಿಟ್ಟು ವರ್ಣಿಸಬೇಕಾಗಿಲ್ಲ ಎಂಬ ಕಾರಣಕ್ಕೆ ಸಂಕೋಚದ ಹೆಂಗಸರಿಗೆ ಇದು ಹಿಡಿಸಲೂಬಹುದು.

ಇಂಥ ಚಿಕಿತ್ಸೆಗಳು ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಎಂಟರಿಂದ ಹದಿನಾರು ಸಲ ನಡೆಯುತ್ತವೆ. ಮೊದಲ ಎರಡು ಮೂರು ಸಲ ಕನಸು ಹೆಚ್ಚಾಗಬಹುದು, ಅಳು ಬರಬಹುದು. ಅಲ್ಲಿಗೇ ಬಿಟ್ಟುಬರುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ, ಚಿಕಿತ್ಸಕರಿಗೆ ಹೇಳಿ, ಅವರು ವೇಗ ತಗ್ಗಿಸುತ್ತಾರೆ.

ಗುಳಿಗೆಯೂ ಉಂಟು. ಸರ್ಟ್ರಲೀನ್, ಪ್ಯಾರಾಕ್ಸಿಟೀನ್ ಮುಂತಾದುವನ್ನು ಮನೋವೈದ್ಯರು ಬರೆದುಕೊಡುತ್ತಾರೆ. ಇವು ಚಟ ಹತ್ತಿಸುವ ಗುಳಿಗೆಗಳಲ್ಲ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ "ಏನೂ ಆಗ್ಲಿಲ್ಲ" ಎಂದು ಬಿಡಬಾರದು, ಗುಣವಾಯಿತೆಂದು ತಾನೇ ಒಮ್ಮೆಲೇ ನಿಲ್ಲಿಸಲೂಬಾರದು. ಬಸುರಿಯಾಗಿದ್ದರೆ, ಮೊಲೆ ಕುಡಿಯುವ ಕೂಸಿದ್ದರೆ, ಬೇರೆ ಔಷಧಿ ನಡೆದಿದ್ದರೆ ಮೊದಲೇ ಹೇಳಬೇಕು. ಔಷಧಿ ಅಂಗಡಿಯಿಂದ ಯಾರೋ ಹೇಳಿದರೆಂದು ನಿದ್ದೆಗುಳಿಗೆ ತರಿಸಿ ನುಂಗುವುದು ಮಾತ್ರ ಬೇಡವೇ ಬೇಡ. ಅಲ್ಪ್ರಾಜೋಲಾಮ್‌ನಂಥ ಗುಳಿಗೆಗಳು ಆ ರಾತ್ರಿ ಮಲಗಿಸುತ್ತವೆ, ಆದರೆ ಈ ಕಾಯಿಲೆಗೆ ಅವು ಮದ್ದಲ್ಲ, ಮೇಲಾಗಿ ಚಟವಾಗುತ್ತವೆ. ಗಂಡಸರು ಇದೇ ಕೆಲಸಕ್ಕೆ ಸೆರೆ ಹಿಡಿಯುತ್ತಾರೆ. ನೆರೆಯಾದ ಮೇಲೆ ಕುಡಿತಕ್ಕೆ ಬಿದ್ದ ಗಂಡ ನಿಮ್ಮ ಮನೆಯಲ್ಲಿದ್ದರೆ, ಅವನಿಗೂ ಇದೇ ಕಾಯಿಲೆ ಇರಬಹುದೇ ಎಂದು ಒಮ್ಮೆ ಯೋಚಿಸಿ ನೋಡಿ.

ದೇವರಿಗೆ ನಡೆದುಕೊಳ್ಳುವುದನ್ನು ಬಿಡಿ ಎಂದು ನಾನು ಹೇಳುವವಳಲ್ಲ. ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತವರು, ಯಡೂರ ವೀರಭದ್ರನಿಗೆ ಕಾಯಿ ಒಡೆಸಿದವರು ಅಲ್ಲಿಂದ ಸಮಾಧಾನ ತಂದುಕೊಂಡರೆ ಅದು ಒಳ್ಳೆಯದೇ. ಆದರೆ ದೆವ್ವ ಬಿಡಿಸುತ್ತೇನೆಂದು ಹೊಡೆಯುವವರ, ಬೇವಿನ ಹೊಗೆ ಕುಡಿಸುವವರ ಕೈಗೆ ಮಾತ್ರ ಕೊಡಬೇಡಿ. ಒಂದು ಆಘಾತದ ಮೇಲೆ ಇನ್ನೊಂದು ಆದೀತು.

ಎಲ್ಲಿಗೆ ಹೋಗಬೇಕು?

ಇಲ್ಲಿ ನಮ್ಮ ಕಡೆಯವರ ನಿಜವಾದ ಕಷ್ಟ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ಬೆಳಗಿನ ಬಸ್ಸು ಹಿಡಿದರೆ ಮರಳುವುದು ರಾತ್ರಿಗೆ. ಬಿಡಿ ಕಟ್ಟುವ ನಿಪ್ಪಾಣಿಯ ಹೆಂಗಸಿಗೆ ಒಂದು ದಿನ ಹೋದರೆ ಆ ದಿನದ ಕೂಲಿಯೂ ಹೋಯಿತು. "ಧಾರವಾಡಕ್ಕ ಕಳಿಸಬೇಕಾಗೇತಿ" ಎಂದರೆ ನಮ್ಮಲ್ಲಿ ಬೈಗುಳ. ಬ್ರಿಟಿಷರ ಕಾಲದಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದ್ದದ್ದಕ್ಕೆ ಬಂದ ಮಾತು. ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆ. ಬೆಳಿಗ್ಗೆ ಹೋಗಿ ಹೊರರೋಗಿಯಾಗಿ ತೋರಿಸಿಕೊಂಡು ಸಂಜೆ ಮನೆಗೆ ಬರಬಹುದು. ಹೋದವರನ್ನೆಲ್ಲ ಕೂಡಿಹಾಕುತ್ತಾರೆಂಬ ಹೆದರಿಕೆ ಹಳೆಯ ಕಾಲದ್ದು.

ಆದರೆ ಮೊದಲ ಹೆಜ್ಜೆಗೆ ಧಾರವಾಡ ಬೇಕಾಗಿಲ್ಲ. ಮನಸ್ಸಿನ ಚಿಕಿತ್ಸೆ ಊರೂರಿಗೆ ಬರಬೇಕೆಂಬ ವಿಚಾರಕ್ಕೆ ನಮ್ಮ ರಾಜ್ಯವೇ ತವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿತು. 1984ರ ಭೋಪಾಲ ಅನಿಲ ದುರಂತವಾದಾಗ ಅಲ್ಲಿಯ ವೈದ್ಯರಿಗೆ ಮನೋವೈದ್ಯ ತರಬೇತಿ ಕೊಟ್ಟವರಲ್ಲಿ ಇದೇ ಸಂಸ್ಥೆಯ ಡಾ. ಆರ್. ಶ್ರೀನಿವಾಸಮೂರ್ತಿಯವರು ಮುಖ್ಯರು. ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2014ರಲ್ಲಿ ಕರ್ನಾಟಕ ಸರಕಾರ "ಮನೋಚೈತನ್ಯ" ಎಂಬ ಹೆಸರಿನಲ್ಲಿ, ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ಮಾಡಿತು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರವೋ ಆಸ್ಪತ್ರೆಯಲ್ಲಿಯೋ ಮೊದಲು ವಿಚಾರಿಸಿಕೊಳ್ಳಿ. ಸುಮ್ಮನೆ ಹೋಗಿ ಬಾಗಿಲು ನೋಡಿ ಬಂದರೆ ಎರಡನೆಯ ಸಲ ಹೋಗುವ ಮನಸ್ಸಾಗುವುದಿಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಕಾಗವಾಡ, ಉಗಾರ ಕಡೆಯವರಿಗೆ ಮೀರಜ ಹತ್ತಿರ. ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಮನೆಯಿಂದ ಹೊರಗೆ ಬೀಳಲಾಗದವರಿಗೆ ಫೋನು. 14416. ಟೆಲಿ ಮಾನಸ್ ಎಂಬ ಈ ಸೇವೆಯನ್ನು ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿತು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ಕನ್ನಡದಲ್ಲಿ ಮಾತಾಡಬಹುದು. ಮನೆಮಾತು ಮರಾಠಿಯಾಗಿದ್ದರೆ, ನಿಪ್ಪಾಣಿಯಲ್ಲಿ ಅಂಥ ಮನೆಗಳೇ ಬಹಳ, ಮರಾಠಿಯಲ್ಲೇ ಬೇಕೆಂದು ಕೇಳಿ. ಅಂಜಿಕೆ, ಅಳು ಇವು ಮನೆಮಾತಿನಲ್ಲೇ ಸರಿಯಾಗಿ ಹೊರಬರುವುದು. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬಾರದು, ಆ ಹೊತ್ತಿಗೇ ಈ ನಂಬರಿಗೆ ಫೋನು ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅಂಥವರನ್ನು ಮನೆಯವರು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೀಲಿ ಹಾಕಿ ಇಡಬೇಕು.

ಖಾಸಗಿಯಾಗಿ ಹೋಗುವವರು ಬೋರ್ಡು ನೋಡಿ ಮರುಳಾಗಬೇಡಿ. ಗುಳಿಗೆ ಬರೆಯುವವರು ಮನೋವೈದ್ಯರು, ಅವರು ಡಾಕ್ಟರಾಗಿ ಓದಿದವರು. ಮಾತಿನ ಚಿಕಿತ್ಸೆ 'ಕ್ಲಿನಿಕಲ್ ಸೈಕಾಲಜಿಸ್ಟ್'ರದು, ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಾಯಿಸಿಕೊಂಡಿರಬೇಕು. "ನಿಮ್ಮ ನೋಂದಣಿ ಇದೆಯೇ? ಆಘಾತಕ್ಕೆ ಚಿಕಿತ್ಸೆ ಕೊಟ್ಟು ರೂಢಿಯಿದೆಯೇ? ಎಷ್ಟು ಸಲ ಬರಬೇಕಾದೀತು? ಒಂದು ಸಲಕ್ಕೆ ಎಷ್ಟು?" ಎಂದು ಕೇಳುವುದು ಉದ್ಧಟತನವಲ್ಲ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವುದಿಲ್ಲವೇ? ನೀವು ಹೇಳಿದ್ದು ಹೊರಗೆ ಹೋಗಬಾರದು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಕೊಟ್ಟ ಹಕ್ಕು. ಆರೋಗ್ಯ ವಿಮೆ ಇದ್ದರೆ ಮೈಯ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

"ಮಂದಿ ಏನಂದಾರು" ಎಂಬುದು ಉಳಿಯಿತು. ಮಗಳ ಲಗ್ನ ನಿಂತೀತು ಎಂಬ ಭಯಕ್ಕೆ ತಾಯಂದಿರು ವರ್ಷಾನುಗಟ್ಟಲೆ ನುಂಗಿಕೊಳ್ಳುತ್ತಾರೆ. ಅತ್ತೆಗೆ ಹೇಳುವುದು ಕಷ್ಟವೆನಿಸಿದರೆ "ನಿದ್ದಿ ಬರವೊಲ್ದು, ಎದಿ ಹೊಡಕೋತೈತಿ, ದವಾಖಾನಿಗೆ ತೋರಿಸ್ಕೊಂಡು ಬರ್ತೀನಿ" ಎಂದು ಹೇಳಿ. ಸುಳ್ಳೇನಲ್ಲ. ಡಾಕ್ಟರ ಎದುರು ಮಾತ್ರ ಪೂರ್ತಿ ಹೇಳಿ: ಯಾವಾಗ ಏನಾಗಿತ್ತು, ಎಂದಿನಿಂದ ನಿದ್ದೆಯಿಲ್ಲ, ಯಾವ ಯಾವ ಜಾಗ ಬಿಟ್ಟಿದ್ದೀರಿ. ಅಲ್ಲಿ ಹೋದಾಗ ಮರೆತುಹೋಗುತ್ತದೆ, ಆದ್ದರಿಂದ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬರೆಯಲು ಬಾರದಿದ್ದರೆ ನಂಬಿಕೆಯವರಿಂದ ಬರೆಸಿ. ಹಿಂದೆ ತೋರಿಸಿದ ಆಸ್ಪತ್ರೆಯ ಚೀಟಿಗಳು, ಈಗ ನುಂಗುತ್ತಿರುವ ಗುಳಿಗೆಗಳ ಹಾಳೆಗಳು ಚೀಲದಲ್ಲಿರಲಿ. ಜೊತೆಗೆ ಅಕ್ಕನೋ ಓಣಿಯ ಗೆಳತಿಯೋ ಬಂದರೆ ಒಳ್ಳೆಯದು. ಒಳಗೆ ಒಬ್ಬರೇ ಮಾತಾಡಬೇಕೆನಿಸಿದರೆ ಅವರನ್ನು ಹೊರಗೆ ಕೂರಿಸಿ ಎಂದು ಡಾಕ್ಟರಿಗೆ ಹೇಳಬಹುದು. ಹೊರಡುವ ಮುಂಚೆ ಮುಂದಿನ ಭೇಟಿಯ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಂಡು, ಮನೆಗೆ ಬಂದೊಡನೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.